ಮೊದಲ ಆಟ ಪಾರಿಜಾತವಾಗಲಿ

ತಂಗೀ, ಬೇಸಿಗೆ ಸೂಟಿಗೆ ಹೊಂಬಳಕ್ಕೆ ಬಂದಾಗ ಮಕ್ಕಳಿಗೊಂದು ಬಯಲಾಟ ತೋರಿಸಬೇಕು ಅಂದೆಯಲ್ಲ, ಕೇಳಿ ಹೊಟ್ಟೆ ತುಂಬಿತು. ದೊಡ್ಡವಳಿಗೆ ಏಳು, ಸಣ್ಣವನಿಗೆ ನಾಲ್ಕು. ಈ ವಯಸ್ಸಿನವರಿಗೆ ಆಟ ಆರಿಸಿ ತೋರಿಸಬೇಕವ್ವಾ.

ದೊಡ್ಡಾಟ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕುಮಾರವ್ಯಾಸ ಭಾರತ ಬರೆದ ವೀರನಾರಾಯಣನ ಗುಡಿ ನಮಗೆ ಹತ್ತಿರದಲ್ಲೇ ಇದೆ. ಭಾರತದ ಆಟ ನಮ್ಮ ಸೀಮೆಯ ಉಸಿರು. ಆದರೆ ಭುಜಕೀರ್ತಿ ಕಟ್ಟಿ, ಅಟ್ಟದ ಹಲಗೆ ಅದುರುವಂತೆ ಕುಣಿದು ಅಬ್ಬರಿಸುವ ದುಶ್ಯಾಸನನನ್ನು ಕಂಡರೆ ನಾಲ್ಕು ವರ್ಷದ ಕೂಸು ಬೆಚ್ಚಿಬೀಳುತ್ತದೆ. ಅದಕ್ಕಿನ್ನೂ ಎರಡು ವರ್ಷ ತಡೆ. ಈಗ ಶ್ರೀಕೃಷ್ಣ ಪಾರಿಜಾತ ತೋರಿಸು.

ಗೋಕಾಕ ಸೀಮೆಯಲ್ಲಿ ಕುಲಗೋಡ ತಮ್ಮಣ್ಣ ಬೆಳೆಸಿದ ಆಟ ಅದು. ಕೌಜಲಗಿ ನಿಂಗಮ್ಮನವರಂಥ ಕಲಾವಿದೆ ಮೆರೆಸಿದ ಆಟ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿಸಿಕೊಂಡಳು. ಅಕ್ಕನಿಗೆ ಕೊಟ್ಟದ್ದು ನನಗೇಕಿಲ್ಲ ಎಂದು ಮೂಲೆ ಸೇರುವ ನಿನ್ನ ಮಗನಿಗೆ ಇದು ತಿಳಿಯದೆ ಇರುತ್ತದೆಯೇ?

ಬರುವ ಮುಂಚೆ ರಾತ್ರಿ ಮಲಗಿಸುವಾಗ ಕಥೆ ಹೇಳು, ಕೊನೆಯನ್ನೂ ಹೇಳಿಬಿಡು. ಮುಂದೇನು ಬರುತ್ತದೆ ಎಂದು ಗೊತ್ತಿದ್ದ ಮಕ್ಕಳೇ ಕಣ್ಣು ಕೀಲಿಸಿ ಕಾಯುತ್ತವೆ. ಪಾತ್ರ ರಂಗಕ್ಕೆ ಬಂದ ಕೂಡಲೇ ಭಾಗವತ ತಡೆದು, ತಾವ್ಯಾರು, ಎಲ್ಲಿಂದ ಬಂದಿರಿ ಎಂದು ವಿಚಾರಿಸುತ್ತಾನಲ್ಲ, ಅದನ್ನು ಮನೆಯಲ್ಲೇ ಆಡಿಸು. ಮಗಳು ಬಾಗಿಲ ಪರದೆ ಸರಿಸಿ ಗತ್ತಿನಿಂದ ಬರಲಿ, ನೀನು ಕೇಳು, ಅವಳು ತನ್ನ ಹೆಸರು ಹೇಳಿ ಒಂದು ಸುತ್ತು ಕುಣಿಯಲಿ. ಇಲ್ಲಿ ಭಾಗವತ ಅದನ್ನೇ ಕೇಳಿದಾಗ ಅವಳ ಮುಖ ನೀನು ನೋಡಬೇಕು!

ಆಟದ ದಿನ ಸಂಜೆ ಹಿರಿಯ ಕಲಾವಿದರ ಅಪ್ಪಣೆ ಪಡೆದು, ಬಣ್ಣ ಹಚ್ಚಿಕೊಳ್ಳುವಲ್ಲಿಗೆ ಇಬ್ಬರನ್ನೂ ಕರೆದುಕೊಂಡು ಹೋಗು. ಒಂದು ಕೈಯಲ್ಲಿ ಕನ್ನಡಿ ಹಿಡಿದು ಹುಬ್ಬು ತೀಡಿಕೊಳ್ಳುತ್ತ, ನಡುನಡುವೆ ಚಹಾ ಗುಟುಕರಿಸುವ ಮನುಷ್ಯನೇ ಕೃಷ್ಣನಾಗುತ್ತಾನೆ ಎಂದು ಕಂಡರೆ ಹೆದರಿಕೆ ಹೋಗುತ್ತದೆ, ಬೆರಗು ಹೋಗುವುದಿಲ್ಲ. ಕಿರೀಟಕ್ಕೆ ಮಾತ್ರ ಕೈ ಹಚ್ಚಗೊಡಬೇಡ. ಅವರು ಕೈಮುಗಿದು ತಲೆಗೇರಿಸುವ ವಸ್ತು ಅದು.

ಬೆಳತನಕ ಕೂಡಿಸುವ ಹಟ ಬೇಡ. ಬೇಗ ಊಟ ಮಾಡಿಸಿ, ಕೌದಿ ತೆಗೆದುಕೊಂಡು ಬಾ. ಗಣಪತಿ ಸ್ತುತಿ ಮುಗಿದು ಗೊಲ್ಲತಿ ಬರುತ್ತಾಳೆ. ಅವಳ ಚುರುಕು ಮಾತಿಗೆ ಮಕ್ಕಳು ನಗುತ್ತವೆ. ಆಮೇಲೆ ಕಣ್ಣು ಎಳೆದರೆ ಮಲಗಲಿ. ಇಷ್ಟು ದೂರ ಬಂದು ನಿದ್ದೆ ಮಾಡುತ್ತೀಯಾ ಎಂದು ಅಲುಗಾಡಿಸಬೇಡ. ಹಾರ್ಮೋನಿಯಂ ಪೆಟಗಿ, ತಬಲಾದ ಸಪ್ಪಳದಲ್ಲೇ ನಿದ್ದೆ ಹೋಗಿ, ಯಾವುದೋ ಹಾಡಿಗೆ ಎಚ್ಚರಾಗಿ, ಮತ್ತೆ ಮಲಗಿ ನಾವೆಲ್ಲ ಪಾರಿಜಾತ ಕಲಿತವರು. ಮರುದಿನ ಏನು ತಿಳಿಯಿತು ಎಂದು ಪರೀಕ್ಷೆಯನ್ನೂ ಮಾಡಬೇಡ.

ಮೊಬೈಲ್ ಮೇಲೆತ್ತಿ ವಿಡಿಯೋ ಮಾಡುತ್ತ ಕೂರಬೇಡ ತಂಗೀ. ರಂಗ ನೋಡುವಷ್ಟೇ ಮಕ್ಕಳು ನಿನ್ನ ಮುಖವನ್ನೂ ನೋಡುತ್ತವೆ. ಭಾಮೆ ಹಾಡುವಾಗ ನೀನು ತಲೆದೂಗಿದರೆ ಅಲ್ಲೇನೋ ಇದೆ ಎಂದು ಅವಕ್ಕೆ ಗೊತ್ತಾಗುತ್ತದೆ. ನಡುವೆ ಮಗಳ ಕೈಯಿಂದಲೇ ಒಂದಿಷ್ಟು ಆಯೇರಿ ಕೊಡಿಸು. ಇಡೀ ರಾತ್ರಿ ಗಂಟಲು ಹರಿದುಕೊಂಡು ಹಾಡುವವರಿಗೆ ಅದು ಸಲ್ಲಬೇಕು. ಅವಳ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ, ಅದೂ ಆಗಲಿ.

ಸುತ್ತಲಿನ ಯಾವ ಊರ ಜಾತ್ರೆಗೆ ಪಾರಿಜಾತದ ಮೇಳ ಬರುತ್ತದೆ ಎಂದು ವಿಚಾರಿಸಿ ಇಡುತ್ತೇನೆ. ನಾನು ಫೋನ್ ಮಾಡಿದ ಮೇಲೆ ರೈಲಿನ ಟಿಕೆಟ್ ತೆಗೆಸು.