ಪ್ಲೇಟು, ಮುಳ್ಳು, ಕೇಳುವ ಕೋಣೆ

ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿಯಲ್ಲಿ ಕೆಲಸ ಮಾಡಿಕೊಂಡು ಆನೇಕಲ್ ಸುತ್ತ ಮನೆ ಮಾಡಿರುವ ಕೆಲವರಿಗೆ ಈಚೆಗೆ ಹಳೆಯ ಗ್ರಾಮಫೋನ್ ಪ್ಲೇಟುಗಳ ಹುಚ್ಚು ಹಿಡಿದಿದೆ. ಒಳ್ಳೆಯ ಹುಚ್ಚೇ. ಆದರೆ ನನ್ನ ಹತ್ತಿರ ಬಂದವರು ಮೊದಲು ಕೇಳುವುದು "ಯಾವ ಆಂಪ್ಲಿಫೈಯರ್ ತಗೊಳ್ಳೋದು ಸರ್?" ಅಂತ. "ಯಾರ ಸಂಗೀತ ಕೇಳಬೇಕು ಅಂತಿದ್ದೀರಿ?" ಎಂದು ನಾನು ತಿರುಗಿ ಕೇಳಿದರೆ ಸ್ವಲ್ಪ ಹೊತ್ತು ಮಾತು ಹೊರಡುವುದಿಲ್ಲ. ಹಟಕ್ಕೆ ಕೇಳುವ ಪ್ರಶ್ನೆಯಲ್ಲ ಅದು. ನಮ್ಮ ಶಾಸ್ತ್ರೀಯ ಸಂಗೀತ ಈ ನೂರಿಪ್ಪತ್ತು ವರ್ಷಗಳಲ್ಲಿ ಅರಗಿನ ಪ್ಲೇಟು, ವಿನೈಲ್ ಎಲ್‌ಪಿ, ಸ್ಪೂಲ್ ಟೇಪು, ಕ್ಯಾಸೆಟ್ಟು, ಸೀಡಿ ಹೀಗೆ ಬೇರೆ ಬೇರೆ ಸಾಮಗ್ರಿಯ ಮೇಲೆ ಉಳಿದುಬಂದಿದೆ. ನಿಮಗೆ ಬೇಕಾದ ಹಾಡುಗಾರರು ಯಾವುದರ ಮೇಲೆ ಉಳಿದಿದ್ದಾರೋ ಅದಕ್ಕೆ ತಕ್ಕ ಯಂತ್ರ ಬೇಕು. ಹಾಗಾಗಿ ಸಂಗೀತ ಮೊದಲು, ಖರ್ಚು ಆಮೇಲೆ.

ಶುರುವಿನಿಂದ ಬರೋಣ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ. ಮೈಕ್ ಇಲ್ಲದ ಕಾಲ. ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಯಾವ ಪ್ಲೇಟು ಯಾರದೆಂದು ತಿಳಿಯಲು ಇದೊಂದು ಗುರುತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದರು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಈ ಅರಗಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷವಷ್ಟೇ ಜಾಗ. ಮೂರು ನಿಮಿಷದಲ್ಲಿ ಎಂಥ ರಾಗ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಪ್ರಕಾರ ಹೊಸಬರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಗಂಟೆಗಟ್ಟಲೆ ಬೆಳೆಸಬಲ್ಲ ವಿದ್ವಾಂಸರು ರಾಗದ ಜೀವಸ್ವರವನ್ನೂ ಮುಖ್ಯ ಸಂಚಾರಗಳನ್ನೂ ಆರಿಸಿ, ಬೇಡದ್ದನ್ನು ಬಿಟ್ಟು ಹಾಡಬೇಕಿತ್ತು. ಮಲ್ಲಿಕಾರ್ಜುನ ಮನ್ಸೂರರ 1930ರ ದಶಕದ ಪ್ಲೇಟುಗಳನ್ನು ನಾಲ್ಕು ಸಲ ಕೇಳಿ, ಆಮೇಲೆ ಅವರ ಎಲ್‌ಪಿಗೆ ಹೋಗಿ. ಎಲ್‌ಪಿಯಲ್ಲಿ ರಾಗ ಎಲ್ಲಿಗೆ ಹೊರಟಿದೆ ಎಂಬುದು ಕಿವಿಗೆ ಮೊದಲೇ ಹೊಳೆಯತೊಡಗುತ್ತದೆ. ಗದಗದ ಹುಡುಗ ಭೀಮಸೇನ ಜೋಶಿಯ ಕಿವಿಗೆ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಪ್ಲೇಟು ಬಿದ್ದದ್ದು, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು ಎಲ್ಲರೂ ಬಲ್ಲ ಕಥೆ. ಅದೂ ಮೂರು ನಿಮಿಷದ ಪ್ಲೇಟೇ.

ಇನ್ನೊಂದು ಹೆಸರು ನೆನಪಿಟ್ಟುಕೊಳ್ಳಿ: ಗಾಂಧಾರಿ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಆ ಹೆಸರಿನಲ್ಲಿ ಬಂದವು. ನಾವು ಬಲ್ಲ ಆ ಗಂಭೀರ, ಗಂಡುದನಿಯಂಥ ಕಂಠ ಅಲ್ಲಿಲ್ಲ. ಗಂಟಲಿನ ಚಿಕಿತ್ಸೆಗೆ ಮುಂಚಿನ ತೆಳು, ಏರುದನಿ ಇದೆ. ಆ ದನಿ ಉಳಿದಿರುವುದು ಆ ಪ್ಲೇಟುಗಳಲ್ಲೇ. ಲೇಬಲ್ಲಿನ ಹೆಸರು ಗುರುತು ಸಿಗದೆ ಅಂಥದ್ದನ್ನು ಅಂಗಡಿಯಲ್ಲೇ ಬಿಟ್ಟು ಬಂದರೆ ಆಮೇಲೆ ಕೈಕೈ ಹಿಸುಕಿಕೊಳ್ಳಬೇಕಾಗುತ್ತದೆ.

1948ರಲ್ಲಿ ಅಮೆರಿಕದಲ್ಲಿ ಶುರುವಾದ ಎಲ್‌ಪಿ ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿಸಿತು. ನಮ್ಮ ವಿದ್ವಾಂಸರಿಗೆ ವಿಳಂಬಿತವೂ ವಿಸ್ತಾರದ ಆಲಾಪನೆಯೂ ಸಾಧ್ಯವಾದದ್ದು ಅದರಿಂದ. ಆಮೇಲೆ ಕ್ಯಾಸೆಟ್ಟು, ಸೀಡಿ. ಕ್ಯಾಸೆಟ್ಟಿನ ಮಾತಿಗೆ ಮುಂದೆ ಬರುತ್ತೇನೆ.

ಸಂಗ್ರಹಕಾರರ ಮಾತು ಬಂದಾಗ ನಮ್ಮ ನಾಡಿನ ಬಹು ದೊಡ್ಡ ಸಂಗ್ರಹಕಾರರೊಬ್ಬರನ್ನು ಬಿಡುವ ಹಾಗಿಲ್ಲ. ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ ವಾಗ್ಗೇಯಕಾರರೆಂದು ಅವರು ನಮಗೆ ಪರಿಚಿತರು. ಅವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮಹಾ ಪ್ರೇಮಿಯೂ ಆಗಿದ್ದರು. ಸುಮಾರು 20,000 ರೆಕಾರ್ಡುಗಳು ಅವರಲ್ಲಿದ್ದವು ಎಂಬ ಅಂದಾಜಿದೆ. ಮೈಸೂರಿಗೆ ಬಂದ ಲಂಡನ್ನಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮಹಾರಾಜರ ರೆಕಾರ್ಡುಗಳ ಭಂಡಾರವನ್ನೂ ಸಾಲು ಸಾಲು ಲೌಡ್‌ಸ್ಪೀಕರುಗಳನ್ನೂ ಕಂಡು ಬೆರಗಾಗಿದ್ದ. ಮಹಾರಾಜರು ಮೆಚ್ಚಿದ್ದ ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರ ಲಂಡನ್ನಿನಲ್ಲಿ ಯಾರ ಕಣ್ಣಿಗೂ ಬೀಳದೆ ಬದುಕಿದ್ದರು. ಅವರ ಸಂಗೀತದ ಪ್ಲೇಟುಗಳು ಸಾಕಷ್ಟು ಸಿಗುತ್ತಿರಲಿಲ್ಲ. ಮಹಾರಾಜರು ಮೆಟ್ನರ್ ಸೊಸೈಟಿ ಎಂಬುದನ್ನು ಹುಟ್ಟುಹಾಕಿ, ಎಚ್‌ಎಂವಿಯಲ್ಲಿ ಮುದ್ರಿಸಲು ಹಣ ಕೊಟ್ಟರು. ಮುಪ್ಪಿನಲ್ಲಿದ್ದ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ಪಿಯಾನೊದಲ್ಲಿ ನುಡಿಸಿ ಮುದ್ರಿಸುವಂತಾಯಿತು. ತಮ್ಮ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು ಅವರು ಮಹಾರಾಜರಿಗೆ ಅರ್ಪಿಸಿದ್ದಾರೆ. ಪೇಟೆಯಲ್ಲಿ ಸಿಕ್ಕಿದ್ದನ್ನು ಕೊಂಡು ಪೇರಿಸುವುದು ಒಂದು ಬಗೆ. ತನಗೆ ಬೇಕಾದ ಸಂಗೀತ ಇಂಥದ್ದೇ ಎಂದು ಗೊತ್ತಿದ್ದು, ಅದು ಇಲ್ಲವೆಂದಾಗ ಮಾಡಿಸಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಅರಮನೆಯ ದುಡ್ಡು ಬೇಕಿತ್ತು ಅನ್ನಿ.

ಅವರದೇ ಇನ್ನೊಂದು ಪ್ರಸಂಗದಲ್ಲಿ ನಮಗೊಂದು ಎಚ್ಚರಿಕೆಯಿದೆ. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮೇಲೆ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಕಛೇರಿಗೆ ಮಹಾರಾಜರು 4,800 ಡಾಲರ್ ಭರವಸೆ ನೀಡಿದ್ದರು; ತಮ್ಮ ಸಂಗ್ರಹಕ್ಕೊಂದು ಮುದ್ರಣ ಬೇಕೆಂಬುದು ಷರತ್ತು. ಅಸಿಟೇಟ್ ತಟ್ಟೆಗಳ ಮೇಲೆ ಮುದ್ರಿಸಿ ಮೈಸೂರಿಗೆ ಕಳಿಸಿದರು. ಅಸಿಟೇಟ್ ಬಹಳ ಮೆದು, ಮುಳ್ಳು ಹರಿದಷ್ಟೂ ಸವೆಯುತ್ತದೆ. ಎಷ್ಟೋ ಕಾಲದ ಮೇಲೆ ಅದನ್ನು ಎಲ್‌ಪಿಗೆ ಇಳಿಸುವ ಹೊತ್ತಿಗೆ ತಟ್ಟೆಗಳು ತೀರ ಸವೆದುಹೋಗಿದ್ದವು. ಅಪರೂಪದ್ದು ಕೈಗೆ ಬಂದರೆ ಮೊದಲು ಕಂಪ್ಯೂಟರಿಗೆ ಇಳಿಸಿ, ಆಮೇಲೆ ಸಂತೋಷಕ್ಕೆ ಹಾಕಿ.

ಇನ್ನು ನಿಮ್ಮ ವಿಷಯ. ಮೊದಲ ಕೆಲವು ತಿಂಗಳು ಏನನ್ನೂ ಕೊಳ್ಳಬೇಡಿ. ಬೆಂಗಳೂರು ಆಕಾಶವಾಣಿಯಿಂದ ಬರುವ 'ರಾಗಂ' ಎಂಬ ಶಾಸ್ತ್ರೀಯ ಸಂಗೀತದ ವಾಹಿನಿ 2016ರಿಂದ ಇದೆ. ಪ್ರಸಾರ ಭಾರತಿಯ ಆ್ಯಪಿನಲ್ಲಿ ಪುಕ್ಕಟೆ ಕೇಳಬಹುದು. ಕಂಪನಿ ಬಸ್ಸಿನಲ್ಲಿ ಹೋಗಿ ಬರುವ ಹೊತ್ತು ಅದಕ್ಕೆ ಸಾಕು. ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಶುರುಮಾಡಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಪ್ಲೇಟುಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಿಸುವ ಕೆಲಸ ಮಾಡಿದೆ. ಒಂದು ಶನಿವಾರ ಬನ್ನೇರುಘಟ್ಟದ ದಾರಿಯಲ್ಲಿ ಜೆ.ಪಿ. ನಗರ 7ನೇ ಹಂತಕ್ಕೆ ಹೋಗಿ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯ ನೋಡಿ ಬನ್ನಿ. ಇಷ್ಟಾದ ಮೇಲೆ ಯಾರೋ ಇಬ್ಬರು ಮೂವರು ನಿಮ್ಮ ಕಿವಿಗೆ ಅಂಟಿಕೊಂಡಿರುತ್ತಾರೆ. ಚೌಡಯ್ಯನವರ ಪಿಟೀಲಾಗಲಿ, ದೊರೆಸ್ವಾಮಿ ಅಯ್ಯಂಗಾರರ ವೀಣೆಯಾಗಲಿ, ಅಲ್ಲಿಂದ ಸಂಗ್ರಹ ಶುರು.

ಕೊಳ್ಳುವುದಕ್ಕೆ ಈಗ ದಾರಿ ಸಲೀಸು. ಬೊಮ್ಮಸಂದ್ರದಲ್ಲಿ 2025ರ ಆಗಸ್ಟಿನಿಂದ ಓಡುತ್ತಿರುವ ಹಳದಿ ಮೆಟ್ರೊ ಹತ್ತಿ, ಆರ್.ವಿ. ರೋಡಿನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಚಿಕ್ಕಪೇಟೆ. ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಹಳೆಯ ರೇಡಿಯೊ, ನಲ್ಲಿ, ಬೂಟುಗಳ ನಡುವೆ ಪ್ಲೇಟುಗಳೂ ಬರುತ್ತವೆ. ವೈರು, ಕನೆಕ್ಟರು, ಕೆಪಾಸಿಟರಿಗೆ ಎಸ್.ಪಿ. ರೋಡು ಅಲ್ಲೇ ಹತ್ತಿರ, ಆದರೆ ಅದಕ್ಕೆ ವಾರದ ದಿನ ಹೋಗಿ. ಪ್ಲೇಟನ್ನು ಕವರಿನಿಂದ ಹೊರತೆಗೆದು, ಅಂಚು ಹಿಡಿದು, ಬಿಸಿಲಿಗೆ ಓರೆಯಾಗಿ ತಿರುಗಿಸಿ ನೋಡಿ. ಗೀರುಗಳಿಗಿಂತ ಹೆಚ್ಚು ಹೆದರಬೇಕಾದ್ದು ಬೂದುಬಣ್ಣಕ್ಕೆ ತಿರುಗಿದ ಮೈಗೆ. ಭಾರದ ಮುಳ್ಳು ದನಿ ಕೊರೆದ ಹಳ್ಳವನ್ನೇ ತಿಂದಿದೆ ಎಂದರ್ಥ. ಅರಗಿನ ಪ್ಲೇಟಾದರೆ ಬೆರಳಿಗೆ ತೂಗಹಾಕಿ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಸೀಳಿಲ್ಲದ್ದು ಠಣ್ ಎನ್ನುತ್ತದೆ, ಸೀಳು ಬಿಟ್ಟದ್ದು ಬಿರುಕು ಮಡಕೆಯ ಹಾಗೆ ಸದ್ದು ಮಾಡುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಎಲ್‌ಪಿ ಸಿಕ್ಕರೆ ಅಪರೂಪದ್ದೆಂದು ಹೆಚ್ಚು ಬೆಲೆ ಕೊಡಬೇಡಿ. ಅದು ಮನೆಮನೆಯಲ್ಲೂ ಇದ್ದ ರೆಕಾರ್ಡು.

ಹಿತ್ತಾಳೆ ಕೊಳವೆ, ನಾಯಿಯ ಚಿತ್ರ ಇರುವ 'ಆಂಟಿಕ್' ಗ್ರಾಮಫೋನಿನ ಆಸೆಯನ್ನು ದಯವಿಟ್ಟು ಬಿಡಿ. ಹೊಸದಾಗಿ ಜೋಡಿಸಿ ಹಳೆಯದೆಂದು ಮಾರುವ ಅವುಗಳಲ್ಲಿ ಬಹುಪಾಲು ಷೋಕೇಸಿಗಷ್ಟೇ ಲಾಯಕ್ಕು. ಅದರ ಉಕ್ಕಿನ ಮುಳ್ಳಿನ ಕೆಳಗೆ ಎಲ್‌ಪಿ ಇಟ್ಟರಂತೂ ಒಂದೇ ಸಲಕ್ಕೆ ಹಾಳು.

ನಮ್ಮ ಕಡೆಯ ನಿಜವಾದ ಶತ್ರು ದೂಳು. ಜಿಗಣಿ ಕಡೆ ಗ್ರಾನೈಟ್ ಕೊಯ್ಯುವ ಕಾರ್ಖಾನೆಗಳಿವೆ. ಕಲ್ಲಿನ ನುಣ್ಣನೆಯ ಪುಡಿ ಪ್ಲೇಟಿನ ಹಳ್ಳದಲ್ಲಿ ಕೂತು ಮುಳ್ಳಿನ ಕೆಳಗೆ ಸಿಕ್ಕಿದರೆ ಉಪ್ಪುಕಾಗದದಿಂದ ತಿಕ್ಕಿದ್ದಕ್ಕೆ ಸಮ. ಕಿಟಕಿ ಮುಚ್ಚಿದ ಕೋಣೆ, ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿಡುವ ಬಾಗಿಲಿರುವ ಕಪಾಟು ಬೇಕು. ತೊಳೆಯುವಾಗ ಬೋರ್‌ವೆಲ್ ನೀರು ಬೇಡ, ಅದರ ಸುಣ್ಣ ಹಳ್ಳದಲ್ಲೇ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ಹಳ್ಳದ ಗುಂಟ ಉಜ್ಜಿ, ಮತ್ತೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ. ಅರಗಿನ ಪ್ಲೇಟಿಗೆ ಮಾತ್ರ ಸ್ಪಿರಿಟ್ ಸೋಕಿಸಬೇಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಗಿಗಳು ಪಾಲಿಷ್ ಮಾಡಿಕೊಳ್ಳುವುದೇ ಹಾಗೆ.

ಈಗ ಯಂತ್ರ. ಟರ್ನ್‌ಟೇಬಲ್ ಕೊಳ್ಳುವಾಗ 78ರ ವೇಗ ಇದೆಯೇ ಎಂದು ನೋಡಿ, ಇಂದಿನ ಬಹಳಷ್ಟು ಮಾದರಿಗಳಲ್ಲಿ ಇಲ್ಲ. ಇದ್ದರೂ ಮುಳ್ಳು ಬೇರೆಯೇ ಬೇಕು. 78ರ ಹಳ್ಳ ಅಗಲ, ಅದಕ್ಕೆ ತುದಿಯ ತ್ರಿಜ್ಯ ಮಿಲಿಮೀಟರಿನ ನೂರರಲ್ಲಿ ಏಳು ಭಾಗದಷ್ಟಿರಬೇಕು. ಎಲ್‌ಪಿಯದು ಎರಡು ಭಾಗದಷ್ಟು. ಎಲ್‌ಪಿ ಮುಳ್ಳನ್ನು 78ರ ಮೇಲೆ ಇಟ್ಟರೆ ಅದು ಹಳ್ಳದ ತಳಕ್ಕೆ ಬಿದ್ದು ಕಸವನ್ನೇ ಓದುತ್ತದೆ. ಆಮೇಲೆ ಎಷ್ಟೋ ಜನ "ಹಳೇ ಪ್ಲೇಟು ಬರೀ ಗರಗರ" ಎಂದು ದೂರುತ್ತಾರೆ. ಆಂಪ್ಲಿಫೈಯರಿನಲ್ಲಿ 'ಫೋನೊ' ಎಂದು ಬರೆದ ತೂತು ಇಲ್ಲದಿದ್ದರೆ ನಡುವೆ ಫೋನೊ ಪ್ರೀಆಂಪ್ ಎಂಬ ಚಿಕ್ಕ ಡಬ್ಬಿ ಬೇಕಾಗುತ್ತದೆ. ಟರ್ನ್‌ಟೇಬಲ್ಲನ್ನು ಸ್ಪೀಕರ್ ಇಟ್ಟ ಮೇಜಿನ ಮೇಲೆ ಇಡಬೇಡಿ. ಜಿಗಣಿಯ ಕಲ್ಲಿನಂಗಡಿಯಲ್ಲಿ ಉಳಿದ ಗ್ರಾನೈಟ್ ತುಂಡೊಂದನ್ನು ತಂದು, ಕೆಳಗೆ ರಬ್ಬರ್ ಕೊಟ್ಟು, ಅದರ ಮೇಲೆ ಕೂರಿಸಿ. ನಡೆದಾಡಿದರೂ ಮುಳ್ಳು ಹಾರುವುದಿಲ್ಲ.

ಸ್ಪೀಕರಿನ ವಿಷಯದಲ್ಲಿ ಅಂಗಡಿಯವರ ಮಾತು ಕೇಳಬೇಡಿ. ಅವರು ಎದೆ ನಡುಗಿಸುವ ಬೇಸ್ ತೋರಿಸುತ್ತಾರೆ. ನಮ್ಮ ಸಂಗೀತದ ಜೀವ ಮಧ್ಯದ ಸ್ಥಾಯಿಗಳಲ್ಲಿದೆ: ಕಂಠ, ವೀಣೆ, ಪಿಟೀಲು. ಐದಾರು ಇಂಚಿನ ವೂಫರ್ ಇರುವ, ಕಪಾಟಿನ ಮೇಲೆ ಕೂರುವ ಸ್ಪೀಕರುಗಳ ಒಳ್ಳೆಯ ಜೋಡಿ ಧಾರಾಳ ಸಾಕು. ಪರೀಕ್ಷೆ ಹೀಗೆ: ಕಛೇರಿ ಶುರುವಾಗುವ ಮುಂಚೆ ತಂಬೂರಿ ಮಾತ್ರ ನುಡಿಯುವ ತುಣುಕು ಹಾಕಿ. ನಾಲ್ಕು ತಂತಿಗಳನ್ನು ಬೇರೆ ಬೇರೆ ಎಣಿಸಲು ಸಾಧ್ಯವೇ? ಜೀವಾಳದ ದಾರದಿಂದ ಹುಟ್ಟುವ ಝೇಂಕಾರ ಕೇಳುತ್ತದೆಯೇ? ಆಮೇಲೆ ಮೃದಂಗದ ತನಿ. ಎಡಗೈ ಗುಮ್ಕಿ ಏರಿಳಿಯುವುದು ಕಿವಿಗೆ ಬೀಳಬೇಕು, ಒಂದೇ ಸಮ ಗುಂ ಗುಂ ಎಂದರೆ ಆ ಸ್ಪೀಕರ್ ಬೇಡ.

ಕರೆಂಟಿನ ಬಗ್ಗೆ ಒಂದು ಮಾತು. ಕರೆಂಟು ಹೋಗಿ ಇನ್ವರ್ಟರ್ ಹತ್ತಿಕೊಂಡ ಕೂಡಲೇ ಗುಂಯ್ ಎಂಬ ಸದ್ದು ಬಂದರೆ ಆಂಪ್ಲಿಫೈಯರನ್ನು ಬಯ್ಯಬೇಡಿ, ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನ ಕೆಲಸ ಅದು. ಸೈನ್ ವೇವ್‌ನದಾದರೆ ತೊಂದರೆ ಕಡಿಮೆ. ಕರೆಂಟು ಇದ್ದಾಗಲೂ ಗುಂಯ್‌ಗುಟ್ಟಿದರೆ ಟರ್ನ್‌ಟೇಬಲ್ಲಿನ ಅರ್ತ್ ವೈರನ್ನು ಆಂಪ್ಲಿಫೈಯರಿನ ತಿರುಪಿಗೆ ಸಿಕ್ಕಿಸಿದ್ದೀರಾ ನೋಡಿ. ಹೊಸ ಮನೆಗಳ ನುಣುಪು ಟೈಲ್ಸು, ಬರಿಗೋಡೆ ದನಿಯನ್ನು ಚೆಂಡಿನಂತೆ ಪುಟಿಸುತ್ತವೆ. ಒಂದು ಜಮಖಾನ, ಪುಸ್ತಕದ ಕಪಾಟು, ದಪ್ಪ ಪರದೆ ಹಾಕಿದರೆ ದುಬಾರಿ ಕೇಬಲ್ಲಿಗಿಂತ ಹೆಚ್ಚು ಫಲ. ನಮ್ಮ ಕಡೆಯ ಮಗ್ಗದ ಬೀದಿಗಳಲ್ಲಿ ಇರುವವರು ಮಗ್ಗ ನಿಂತ ಮೇಲೆ ಕೇಳಬೇಕಾದೀತು.

ಇಷ್ಟೆಲ್ಲ ಹೇಳಿದ ಮೇಲೆ, ಹೊಸಬರ ಮನೆಯಲ್ಲೇ ಇರುವ ಸಂಪತ್ತಿನ ಮಾತು: ಅಪ್ಪನದೋ ಮಾವನದೋ ಕ್ಯಾಸೆಟ್ ಪೆಟ್ಟಿಗೆ. ಕಂಪನಿಯ ಕ್ಯಾಸೆಟ್ಟುಗಳಲ್ಲಿರುವುದು ಬೇರೆ ಕಡೆಯೂ ಸಿಕ್ಕೀತು. ಚಾಮರಾಜಪೇಟೆಯ ರಾಮನವಮಿ ಕಛೇರಿಗಳಲ್ಲಿ, ಮದುವೆಮನೆಗಳಲ್ಲಿ, ರೇಡಿಯೊದ ಮುಂದೆ ಕೂತು ಯಾರೋ ರಸಿಕರು ಮುದ್ರಿಸಿಕೊಂಡದ್ದಕ್ಕೆ ಇನ್ನೊಂದು ಪ್ರತಿ ಇಲ್ಲದಿರಬಹುದು. ಅದನ್ನು ಸಿಕ್ಕ ಪ್ಲೇಯರಿಗೆ ತುರುಕಬೇಡಿ. ಕ್ಯಾಸೆಟ್ಟಿನ ಬಾಯಲ್ಲಿ, ಟೇಪಿನ ಹಿಂದೆ, ಚಿಕ್ಕ ಉಣ್ಣೆಯ ತುಣುಕೊಂದು ಇರುತ್ತದೆ. ಅಂಟು ಒಣಗಿ ಅದು ಬಿದ್ದುಹೋಗಿದ್ದರೆ ದನಿ ಮಂಕು. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಬಲ್ಲವರಿಗೆ ತೋರಿಸಿ. ಸರಿಯಿದ್ದರೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಪೂರ್ತಿ ಸುತ್ತಿ, ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಆಮೇಲೆ ಹಾಕಿ. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಮಂಕಾಗಿದ್ದ ಪಿಟೀಲು ಒಮ್ಮೆಗೇ ಚುರುಕಾಗುವ ಜಾಗವೊಂದಿದೆ. ಅಲ್ಲಿ ನಿಲ್ಲಿಸಿ, ಕಂಪ್ಯೂಟರಿಗೆ ವೇವ್ ಅಥವಾ ಫ್ಲಾಕ್ ಕಡತವಾಗಿ ಇಳಿಸಿ. ಎಂಪಿ3 ಹಂಚುವುದಕ್ಕೆ ಸಾಕು, ಕಾಪಿಡುವುದಕ್ಕಲ್ಲ. ಗದ್ದಲ ತೆಗೆಯುವ ಸಾಫ್ಟ್‌ವೇರಿನ ಮೋಹಕ್ಕೆ ಬಿದ್ದವರು ಗರಗರದ ಜೊತೆ ತಂಬೂರಿಯನ್ನೂ ಅಳಿಸಿಬಿಡುತ್ತಾರೆ. ಹಾಗಾಗಿ ಮುಟ್ಟದ ಮೂಲಪ್ರತಿಯೊಂದು ಬೇರೆ ಇರಲಿ, ಎರಡು ಹಾರ್ಡ್ ಡಿಸ್ಕಿನಲ್ಲಿ.

ಹಂಚುವಾಗ ಕಾನೂನು ತಿಳಿದಿರಲಿ. ಪ್ರಕಟವಾದ ಧ್ವನಿಮುದ್ರಣದ ಹಕ್ಕು ನಮ್ಮ ದೇಶದಲ್ಲಿ, ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ ಎಣಿಸಿ, 60 ವರ್ಷ ಇರುತ್ತದೆ. ಹಾಗಾಗಿ 78ರ ಕಾಲದ ಪ್ಲೇಟುಗಳಲ್ಲಿ ಬಹುತೇಕ ಮುಕ್ತ. 1980ರ ಕ್ಯಾಸೆಟ್ ಅಲ್ಲ. ಖಾಸಗಿ ಕಛೇರಿಯ ಮುದ್ರಣವಾದರೆ ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಿಯೇ ಹೊರಗೆ ಬಿಡಬೇಕು. ಎಷ್ಟೋ ಸಲ ಅವರ ಹತ್ತಿರವೇ ಆ ಕಛೇರಿಯ ಮುದ್ರಣ ಇರುವುದಿಲ್ಲ, ಒಂದು ಪ್ರತಿ ಅವರಿಗೂ ಕೊಡಿ. ಪ್ರತಿ ಕಡತದ ಜೊತೆ ಹಾಡಿದವರು, ಪಕ್ಕವಾದ್ಯದವರು, ಊರು, ತಾರೀಕು, ಲೇಬಲ್ಲಿನ ನಂಬರು ಬರೆದಿಡಿ. ಕ್ಯಾಸೆಟ್ಟಿನ ರಟ್ಟಿನ ಮೇಲೆ ಮಾವನವರು ಪೆನ್ಸಿಲಿನಲ್ಲಿ ಗೀಚಿದ್ದು ಅರ್ಥವಾಗದಿದ್ದರೆ ಅವರನ್ನು ಈ ವಾರವೇ ಕೇಳಿ.