ಕಾರಿನ ಮೇಲೆ ಚಂದ್ರಿಕೆ: ಪಟ್ಟಿ ಕ್ಯಾರಿಯರ್ ನಂಬಬಹುದೇ?

ಪ್ರಶ್ನೆ: ನಮ್ಮದು ಕನಕಪುರ ತಾಲ್ಲೂಕು, ರೇಷ್ಮೆ ಮನೆ. ಪ್ರತಿ ಬೆಳೆಯಲ್ಲೂ ಹುಳ ಹಣ್ಣಾಗುವ ಹೊತ್ತಿಗೆ ಗೂಡು ಕಟ್ಟಿಸುವ ನಾಲ್ಕೈದು ಚಂದ್ರಿಕೆ ಕಡಿಮೆ ಬೀಳುತ್ತವೆ. ರಾಮನಗರದ ಕಡೆಯ ನೆಂಟರ ಮನೆಯಿಂದ ತರಬೇಕು. ಅಷ್ಟಕ್ಕೇ ಲಗೇಜ್ ಆಟೊ ಕರೆದರೆ ಬಾಡಿಗೆ ಮೈಮೇಲೆ ಬರುತ್ತದೆ. ನಮ್ಮದು ಚಿಕ್ಕ ಕಾರು, ಟಾಪ್ ಮೇಲೆ ಕಂಬಿ ಇಲ್ಲ. ಬಾಗಿಲ ಒಳಗಿಂದ ಪಟ್ಟಿ ಹಾಯಿಸಿ ಬಿಗಿಯುವ ಕ್ಯಾರಿಯರ್ ಮಾರುತ್ತಾರಲ್ಲ, ಅದನ್ನು ನಂಬಬಹುದೇ? ಚನ್ನಪಟ್ಟಣದಿಂದ ಮಗುವಿಗೆ ತೂಗುಕುದುರೆ ತರುವುದಕ್ಕೂ ಅದು ಆಗುತ್ತದೆಯೇ?

ಉತ್ತರ: ನಾಲ್ಕೈದು ಚಂದ್ರಿಕೆಗೆ, ನಿಧಾನದ ರಸ್ತೆಗೆ, ಮುಂದೊಂದು ಹಿಂದೊಂದು ಹಗ್ಗ ಸೇರಿಸಿ ಕಟ್ಟುವುದಾದರೆ ನಂಬಬಹುದು. ಪಟ್ಟಿಯೊಂದನ್ನೇ ನೆಚ್ಚಿಕೊಂಡು ಹೊರಡುವುದಾದರೆ ಬೇಡ. ತೂಗುಕುದುರೆಯ ಮಾತು ಬೇರೆ, ಕೊನೆಗೆ ಹೇಳುತ್ತೇನೆ.

ಈ ಪಟ್ಟಿ ಕ್ಯಾರಿಯರ್‌ಗೆ ಬೇಡಿಕೆ ಬಂದದ್ದೇ ಕಾರಿನ ಟಾಪ್ ಬದಲಾದ ಮೇಲೆ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಟಾಪ್‌ನ ಎರಡೂ ಬದಿಗೆ ಮಳೆನೀರು ಹರಿಯಲು ತಗಡಿನ ಅಂಚು ಇರುತ್ತಿತ್ತು. ಕಬ್ಬಿಣದ ಕ್ಯಾರಿಯರ್‌ನ ಕೊಕ್ಕೆಯನ್ನು ಆ ಅಂಚಿಗೆ ಸಿಕ್ಕಿಸಿ ನಟ್ಟು ಬಿಗಿದರೆ ಮದುವೆ ಮನೆಯ ಪಾತ್ರೆಗಳೆಲ್ಲ ಮೇಲೇರುತ್ತಿದ್ದವು. ಮಾರುತಿ ಓಮ್ನಿಯಲ್ಲೂ ಆ ಅಂಚು ಕೊನೆಯವರೆಗೆ ಉಳಿಯಿತು. ಈಗಿನ ಚಿಕ್ಕ ಕಾರುಗಳಲ್ಲಿ ಅದು ಮಾಯ. ಟಾಪ್ ನುಣುಪಾಗಿದೆ, ಕೊಕ್ಕೆ ಹಿಡಿಯಲು ಜಾಗವಿಲ್ಲ. ಅದಕ್ಕೇ ಎರಡು ಫೋಮ್ ದಿಂಬು, ಅವುಗಳ ಮೇಲೆ ಹಾಯುವ ಉದ್ದನೆಯ ಪಟ್ಟಿ, ಬಾಗಿಲ ಒಳಗಿಂದ ಸುತ್ತಿ ಬಂದು ಸೇರುವ ಬಕಲ್, ಇಷ್ಟರಲ್ಲೇ ಮುಗಿಯುವ ಈ ಉಪಾಯ.

ಇನ್ನು ಚಂದ್ರಿಕೆಯ ಲೆಕ್ಕಕ್ಕೆ ಬರೋಣ. ಸಾಮಾನ್ಯ ಬಿದಿರಿನ ಚಂದ್ರಿಕೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಹಿಂದೆ ಚಾಪೆ, ಮುಂದೆ ಸುರುಳಿಯಾಗಿ ನಿಲ್ಲಿಸಿದ ಎರಡಂಗುಲದ ಬಿದಿರು ಪಟ್ಟಿ. ಒಂದರಲ್ಲಿ ಸುಮಾರು ಸಾವಿರ ಹುಳ ಗೂಡು ಕಟ್ಟುತ್ತವೆ. ನೂರು ಮೊಟ್ಟೆ (ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳ ಹುಳ) ಮೇಯಿಸುವ ಮನೆಗೆ ಸುಮಾರು ನಲವತ್ತು ಬೇಕು. ಅಷ್ಟನ್ನೂ ಕಾರಿನ ಮೇಲೆ ತರುತ್ತೇನೆಂದು ಹೊರಟರೆ ಎಂಟು ಸಲ ಓಡಾಡಬೇಕಾಗುತ್ತದೆ, ಲಗೇಜ್ ಆಟೊನೇ ಅಗ್ಗ. ಕಾರು ಕೆಲಸಕ್ಕೆ ಬರುವುದು ನೀವು ಹೇಳಿದ ಹಾಗೆ ಕಡಿಮೆ ಬಿದ್ದ ನಾಲ್ಕೈದಕ್ಕೆ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಆರೇಳು ದಿನಕ್ಕೆ ಹುಳ ಹಣ್ಣಾಗುತ್ತವೆ. ಹಣ್ಣಾದ ಹುಳ ಆಟೊದವನಿಗಾಗಿ ಕಾಯುವುದಿಲ್ಲ. ಆ ಸಂಜೆಯ ಅವಸರದಲ್ಲಿ ಕೈಗೆ ಸಿಕ್ಕ ಸೆಣಬಿನ ದಾರದಲ್ಲಿ ಎರಡು ಸುತ್ತು ಸುತ್ತಿ ಹೊರಡುವವರೇ ಹೆಚ್ಚು. ಅಪಾಯ ಇರುವುದು ಅಲ್ಲೇ.

ಚಂದ್ರಿಕೆ ಎತ್ತಿದರೆ ಹಗುರ. ಹಗುರ ಅನ್ನುವ ಕಾರಣಕ್ಕೇ ಜನ ಅದನ್ನು ಸಡಿಲವಾಗಿ ಕಟ್ಟುತ್ತಾರೆ. ಆದರೆ ಟಾಪ್ ಮೇಲಿನ ಸಾಮಾನಿಗೆ ಶತ್ರು ತೂಕವಲ್ಲ, ಗಾಳಿ. ತೂಕ ಕೆಳಕ್ಕೆ ಒತ್ತುತ್ತದೆ, ಅದು ನಿಮ್ಮ ಪರವಾಗಿಯೇ ಕೆಲಸ ಮಾಡುತ್ತದೆ. ಕಾರು ಓಡುವಾಗ ಬಾನೆಟ್ ಮೇಲಿಂದ ಬಂದ ಗಾಳಿ ಮುಂಗಾಜನ್ನು ಏರಿ, ಟಾಪ್ ಶುರುವಾಗುವ ಕಡೆ ಮೇಲ್ಮುಖವಾಗಿ ಚಿಮ್ಮುತ್ತದೆ. ಫೋಮ್ ದಿಂಬುಗಳು ಸಾಮಾನನ್ನು ಟಾಪ್‌ನಿಂದ ಎರಡು ಮೂರು ಅಂಗುಲ ಎತ್ತಿ ಹಿಡಿದಿರುತ್ತವಲ್ಲ, ಆ ಸಂದಿಗೇ ಗಾಳಿ ನುಗ್ಗುತ್ತದೆ. ಮುಂದಿನ ಅಂಚು ನಾಲ್ಕು ಬೆರಳು ಎದ್ದರೆ ಸಾಕು, ಚಾಪೆಯ ಬೆನ್ನಿರುವ ಚಂದ್ರಿಕೆ ಗಾಳಿಪಟವಾಗುತ್ತದೆ.

ಎಷ್ಟು ಬಲ ಅಂತೀರಾ? ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ನಮ್ಮ ಸೀಮೆಯ ಎತ್ತರದಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಗೆ ಎದುರಾಗಿ ನಿಂತ ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ 42 ಕೆ.ಜಿ. ತೂಕದಷ್ಟು ಒತ್ತಡ ಬೀಳುತ್ತದೆ. ಒಂದು ಚಂದ್ರಿಕೆಯ ವಿಸ್ತಾರ ಎರಡು ಚದರ ಮೀಟರಿಗಿಂತ ತುಸು ಹೆಚ್ಚು. ಅದು ಎದ್ದು ಗಾಳಿಗೆ ಎದೆಕೊಟ್ಟಿತೆಂದರೆ 90 ಕೆ.ಜಿ.ಗೂ ಮೀರಿದ ಎಳೆತ. 50ರ ವೇಗದಲ್ಲಿ ಅದರ ಕಾಲು ಪಾಲು, ಇಪ್ಪತ್ತೈದು ಕೆ.ಜಿ. ಆಸುಪಾಸು. ಪಟ್ಟಿ ಅದೇ, ಕಟ್ಟಿದ ಕೈ ಅದೇ. ಒಂದು ವೇಗದಲ್ಲಿ ಉಳಿಯುವುದು ಇನ್ನೊಂದರಲ್ಲಿ ಹಾರುತ್ತದೆ. ಇಷ್ಟರ ಮೇಲೆ ಎದುರುಗಾಳಿಯ ಲೆಕ್ಕವೂ ಇದೆ. ನೀವು 50ರಲ್ಲಿ ಹೋಗುತ್ತಿರುವಾಗ ಮುಂಗಾರಿಗೆ ಮುಂಚಿನ ಬಿರುಗಾಳಿ 30ರಲ್ಲಿ ಎದುರಿಗೆ ಬೀಸಿದರೆ ಚಂದ್ರಿಕೆಯ ಪಾಲಿಗೆ ಅದು 80ರ ವೇಗವೇ.

ಬಾಗಿಲ ಒಳಗಿಂದ ಹಾಯುವ ಪಟ್ಟಿ ಸಾಮಾನನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ, ಬದಿಗೆ ಜಾರದಂತೆ ತಡೆಯುತ್ತದೆ. ಮುಂದಿನ ಅಂಚು ಏಳುವುದನ್ನೂ, ಗಕ್ಕನೆ ಬ್ರೇಕ್ ಒತ್ತಿದಾಗ ಇಡೀ ಹೊರೆ ಬಾನೆಟ್ ಕಡೆಗೆ ಜಾರುವುದನ್ನೂ ಅದು ಅರ್ಧಂಬರ್ಧ ಮಾತ್ರ ತಡೆದೀತು. ಜೋರು ಬ್ರೇಕ್ ಬಿದ್ದಾಗ ಹೊರೆ ತನ್ನ ತೂಕದ ಮುಕ್ಕಾಲು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಅದಕ್ಕೇ ಮುಂದೆ ಒಂದು, ಹಿಂದೆ ಒಂದು ಹಗ್ಗ ಬೇಕೇ ಬೇಕು. ಹುಲ್ಲಿನ ಗಾಡಿ ಹೇರಿದವರಿಗೆ ಇದು ಹೊಸತಲ್ಲ. ಹೊರೆಯ ಮೇಲೆ ಉದ್ದಕ್ಕೆ ಗಳ ಹಾಕಿ, ಅದರ ಎರಡೂ ತುದಿಯನ್ನು ಗಾಡಿಯ ಮುಂದಕ್ಕೂ ಹಿಂದಕ್ಕೂ ಹಗ್ಗದಿಂದ ಜಗ್ಗಿ ಕಟ್ಟುತ್ತಿದ್ದುದು ಇದೇ ಕಾರಣಕ್ಕೆ.

ಕಟ್ಟುವ ಕ್ರಮ ಹೀಗಿರಲಿ. ಮೊದಲು ಟಾಪ್ ಒರೆಸಿ. ದಿಂಬಿನ ಕೆಳಗೆ ಸಿಕ್ಕ ಮಣ್ಣು ದಾರಿಯುದ್ದಕ್ಕೂ ಬಣ್ಣ ಉಜ್ಜುತ್ತದೆ. ದಿಂಬುಗಳನ್ನು ಅಡ್ಡಲಾಗಿ, ಒಂದರಿಂದೊಂದು ಆದಷ್ಟು ದೂರ ಇಡಿ. ಒಂದು ಮುಂದಿನ ಬಾಗಿಲ ನೇರಕ್ಕೆ, ಇನ್ನೊಂದು ಹಿಂದಿನ ಬಾಗಿಲ ನೇರಕ್ಕೆ ಬರಲಿ. ನಾಲ್ಕೂ ಬಾಗಿಲು ತೆರೆದು, ಪಟ್ಟಿಯನ್ನು ಬಾಗಿಲ ಚೌಕಟ್ಟಿನೊಳಗಿಂದ ಹಾಯಿಸಿ. ಕಿಟಕಿ ಗಾಜು ಇಳಿಸಿ ಅದರ ಮೂಲಕ ಹಾಯಿಸಿದಿರೋ, ಕಟ್ಟಿ ಮುಗಿದ ಮೇಲೆ ಬಾಗಿಲು ತೆರೆಯಲು ಬರುವುದಿಲ್ಲ, ನೀವೂ ಕಿಟಕಿಯಿಂದಲೇ ಒಳಗೆ ಇಳಿಯಬೇಕಾಗುತ್ತದೆ. ಬಕಲ್ ಯಾರ ತಲೆಯ ಮೇಲೂ ಬರದಂತೆ ನೋಡಿಕೊಳ್ಳಿ.

ಚಂದ್ರಿಕೆಗಳನ್ನು ಕಾರಿನ ಉದ್ದಕ್ಕೇ ಮಲಗಿಸಿ. ನಾಲ್ಕು ಅಡಿ ಅಗಲ ಎಂದರೆ 1.22 ಮೀಟರ್. ಹಳೆಯ ಆಲ್ಟೊ 800ರ ಮೈ ಅಗಲವೇ 1.49 ಮೀಟರ್ ಇರುವುದರಿಂದ ಏನೂ ಹೊರಚಾಚುವುದಿಲ್ಲ. ಅಡ್ಡಲಾಗಿ ಇಟ್ಟರೆ 1.83 ಮೀಟರ್, ಎರಡೂ ಬದಿಗೆ ಚಾಚುತ್ತದೆ. ಎಲ್ಲಕ್ಕಿಂತ ಮೇಲಿನದನ್ನು ಬೋರಲು ಹಾಕಿ. ಪಟ್ಟಿ ಚಾಪೆಯ ಬೆನ್ನಿನ ಮೇಲೆ ಕೂರುತ್ತದೆ, ಸುರುಳಿ ಮುರಿಯುವುದಿಲ್ಲ. ಮುಂದಿನ ಅಂಚು ಮುಂಗಾಜಿನ ಮೇಲಂಚಿಗಿಂತ ಹಿಂದೆಯೇ ನಿಲ್ಲಲಿ. ಸಾಧ್ಯವಾದರೆ ಹಿಂದಿಗಿಂತ ಮುಂದೆ ತುಸು ತಗ್ಗಾಗಿರಲಿ. ಐದಕ್ಕಿಂತ ಮೇಲೆ ಪೇರಿಸುವುದು ಬೇಡ, ಎತ್ತರ ಏರಿದಷ್ಟೂ ಗಾಳಿಗೆ ಸಿಗುವ ಮೈ ಹೆಚ್ಚು. ಟಾಪ್ ಎಷ್ಟು ಭಾರ ತಾಳುತ್ತದೆ ಎನ್ನುವುದು ಕಾರಿನ ಕೈಪಿಡಿಯಲ್ಲಿರುತ್ತದೆ, ಕ್ಯಾರಿಯರ್‌ನ ಮೇಲೂ ಒಂದು ಅಂಕಿ ಇರುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಮುಂದಿನ ಹಗ್ಗಕ್ಕೆ ಕಾರು ಎಳೆಯುವ ಕೊಕ್ಕೆ ಇದೆ. ಹಲವು ಕಾರುಗಳಲ್ಲಿ ಅದು ಜಾಕ್, ಸ್ಪಾನರ್ ಜೊತೆ ಡಿಕ್ಕಿಯಲ್ಲಿ ಇರುತ್ತದೆ. ಬಂಪರಿನ ಚಿಕ್ಕ ಮುಚ್ಚಳ ತೆಗೆದು ತಿರುಗಿಸಿ ಕೂರಿಸಬೇಕು. ಹೊರೆಯ ಎರಡು ಮೂಲೆಯಿಂದ ಹಗ್ಗ ಬಂದು ಆ ಕೊಕ್ಕೆಯಲ್ಲಿ ಸೇರಲಿ, ಆಗ ಎಡಬಲದ ಓಲಾಟವೂ ನಿಲ್ಲುತ್ತದೆ. ಹಿಂದೆಯೂ ಹೀಗೆಯೇ. ಬಂಪರಿನ ಪ್ಲಾಸ್ಟಿಕ್ಕಿಗೆ ಕಟ್ಟಬೇಡಿ, ಅದು ಕಿತ್ತು ಬರುತ್ತದೆ. ಜೀರುಗುಣಿಕೆ ಬೇಡ, ಕುಲುಕಾಟಕ್ಕೆ ಸಡಿಲವಾಗುತ್ತದೆ. ಟ್ಯೂಬಿನ ರಬ್ಬರೂ ಬೇಡ. ರಬ್ಬರಿನ ಗುಣವೇ ಹಿಗ್ಗುವುದು, ಗಾಳಿಗೆ ಬೇಕಾದದ್ದೂ ಅದೇ. ಉಳಿದ ತುದಿಗಳನ್ನು ಚಕ್ರಕ್ಕೆ ಸಿಗದಂತೆ ಸುತ್ತಿ ಸಿಕ್ಕಿಸಿ. ಎಲ್ಲ ಮುಗಿದ ಮೇಲೆ ಹೊರೆಯನ್ನು ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ಕಾರೂ ಜೊತೆಗೆ ಅಲ್ಲಾಡಿದರೆ ಕಟ್ಟು ಸರಿಯಾಗಿದೆ. ಹೊರೆ ಮಾತ್ರ ಅಲ್ಲಾಡಿದರೆ ಬಿಚ್ಚಿ ಮತ್ತೆ ಕಟ್ಟಿ. ಐದಾರು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಬಿಗಿಯಿರಿ. ಬಿದಿರು ಕೂತುಕೊಂಡು ಪಟ್ಟಿ ಸಡಿಲವಾಗಿಯೇ ಇರುತ್ತದೆ.

ಕೊಳ್ಳುವಾಗ ಪಾಲಿಯೆಸ್ಟರ್ ಪಟ್ಟಿಯನ್ನೇ ಕೇಳಿ. ನೈಲಾನ್ ನೆನೆದರೆ ಹಿಗ್ಗುತ್ತದೆ, ಪಾಲಿಪ್ರೊಪಿಲೀನ್ ಬಿಸಿಲಿಗೆ ಜೀರ್ಣವಾಗುತ್ತದೆ. ರೇಷ್ಮೆ ಮನೆಗೆ ಇನ್ನೊಂದು ಕಾರಣವೂ ಇದೆ. ಇನ್ನೊಬ್ಬರ ಮನೆಯ ಚಂದ್ರಿಕೆ ಬಂದರೆ ಅದರ ಜೊತೆ ಅಲ್ಲಿನ ಹುಳದ ರೋಗವೂ ಬರಬಹುದು. ಚಂದ್ರಿಕೆಗೆ ಶೇ 2ರ ಬ್ಲೀಚಿಂಗ್ ಪುಡಿಯನ್ನು ಶೇ 0.3ರ ಸುಣ್ಣದ ನೀರಿನಲ್ಲಿ ಬೆರೆಸಿ ಸಿಂಪಡಿಸುವುದು ನಿಮಗೆ ಗೊತ್ತೇ ಇದೆ. ಪಟ್ಟಿ, ದಿಂಬುಗಳನ್ನೂ ಅದರಲ್ಲೇ ತೊಳೆಯಿರಿ. ಕ್ಲೋರಿನ್‌ಗೆ ನೈಲಾನ್ ಬೇಗ ಸೋಲುತ್ತದೆ, ಪಾಲಿಯೆಸ್ಟರ್ ಹೆಚ್ಚು ತಾಳುತ್ತದೆ. ಚಂದ್ರಿಕೆ ಬಿಸಿಲಿಗೆ ಪೂರ್ತಿ ಒಣಗಿದ ಮೇಲೆಯೇ ಕಾರಿನ ಮೇಲೆ ಏರಲಿ, ಬ್ಲೀಚಿಂಗ್ ನೀರು ತೊಟ್ಟಿಕ್ಕಿದರೆ ತಗಡಿಗೆ ತುಕ್ಕು. ರಾಟ್ಚೆಟ್ ಬಕಲ್‌ಗಿಂತ ಕೈಯಿಂದ ಎಳೆದು ಒತ್ತುವ ಸಾದಾ ಬಕಲ್ ಮೇಲು. ರಾಟ್ಚೆಟ್ ಕೊಡುವ ಬಿಗಿ ಟಾಪ್‌ನ ತಗಡನ್ನೂ ತಗ್ಗಿಸುತ್ತದೆ, ಚಂದ್ರಿಕೆಯ ಬಿದಿರನ್ನೂ ಸೀಳುತ್ತದೆ. ಹೊರಗೆ ಬಿಗಿದ ಪಟ್ಟಿಯನ್ನು ಒಂದು ಸುತ್ತು ತಿರುಚಿ ಬಿಡಿ. ಚಪ್ಪಟೆ ಪಟ್ಟಿ ಗಾಳಿಗೆ ಹೊಮ್ಮಿಸುವ ಗುಂಯ್ ಸದ್ದು ಅಡಗುತ್ತದೆ. ಮಳೆಯಲ್ಲಿ ಪಟ್ಟಿಯ ಗುಂಟ ನೀರು ಒಳಗೆ ಇಳಿಯುವುದನ್ನಂತೂ ತಪ್ಪಿಸಲಾಗದು. ಆರು ಏರ್‌ಬ್ಯಾಗಿನ ಕಾರಾದರೆ ಕೈಪಿಡಿ ನೋಡದೆ ಪಟ್ಟಿ ಹಾಯಿಸಬೇಡಿ. ಬದಿಯ ಪರದೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದು ಬಾಗಿಲ ಮೇಲಿನ ಆ ಅಂಚಿನಿಂದಲೇ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ 194(1ಎ) ಸೆಕ್ಷನ್ ಸೇರಿತು. ಹೊರೆ ವಾಹನದ ಬದಿಯಿಂದ ಆಚೆಗೆ ಚಾಚಿದರೆ, ಮುಂದೆ ಹಿಂದೆ ಅಥವಾ ಎತ್ತರದಲ್ಲಿ ಮಿತಿ ಮೀರಿದರೆ 20,000 ರೂಪಾಯಿ ದಂಡ, ಇಳಿಸುವ ಖರ್ಚು ಬೇರೆ. ಚಂದ್ರಿಕೆಯನ್ನು ಅಡ್ಡಲಾಗಿ ಇಡಬೇಡಿ ಎಂದದ್ದಕ್ಕೆ ಇದೂ ಕಾರಣ. ಕೊರೆದು ಬೋಲ್ಟ್ ಹಾಕುವ ಕ್ಯಾರಿಯರ್ ವಾಹನದ ಮಾರ್ಪಾಡಿನ ಪ್ರಶ್ನೆ ಎತ್ತುತ್ತದೆ, 52ನೇ ಸೆಕ್ಷನ್ ಇರುವುದು ಅದಕ್ಕೆ. ಪಟ್ಟಿ ಕ್ಯಾರಿಯರ್ ಬಿಚ್ಚಿ ಡಿಕ್ಕಿಗೆ ಹಾಕಿದರೆ ಕಾರು ಮೊದಲಿನಂತೆಯೇ ಇರುತ್ತದೆ. ಆದರೆ ಬಿಳಿ ಬೋರ್ಡಿನ ಕಾರಿನಲ್ಲಿ ಪಕ್ಕದ ಮನೆಯವರ ಚಂದ್ರಿಕೆಯನ್ನು ಬಾಡಿಗೆ ಪಡೆದು ಸಾಗಿಸಬೇಡಿ.

ದಾರಿಯ ಆಯ್ಕೆ ನಿಮ್ಮ ಕೈಯಲ್ಲಿದೆ. ಕನಕಪುರ–ರಾಮನಗರ ರಸ್ತೆ ಮೂವತ್ತು ಕಿಲೋಮೀಟರ್ ಒಳಗೇ, 40–50ರಲ್ಲಿ ಹೋದರೆ ಯಾರೂ ಹಿಂದಿನಿಂದ ಹಾರ್ನ್ ಒತ್ತಿ ಪ್ರಾಣ ತಿನ್ನುವುದಿಲ್ಲ. ಮಾಗಡಿ ಕಡೆಯಿಂದ ಬರುವವರಿಗೂ ಇದೇ ಮಾತು. ಚನ್ನಪಟ್ಟಣ, ಬಿಡದಿ ಕಡೆಯವರು ಮಾತ್ರ ಎಚ್ಚರ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ನಡುವಿನ ಆರು ಪಥಗಳಲ್ಲಿ ಕಾರಿನ ಮಿತಿ ಗಂಟೆಗೆ 100 ಕಿ.ಮೀ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಅಲ್ಲಿಗೆ ನಿಷಿದ್ಧ. ಅಲ್ಲಿ 50ರಲ್ಲಿ ತೆವಳುವುದೂ ಅಪಾಯ, 100ರಲ್ಲಿ ಚಂದ್ರಿಕೆ ಹೊತ್ತು ಓಡುವುದೂ ಅಪಾಯ. ಪೇಟೆಗಳ ಒಳಗೆ ಹಾಯುವ ಹಳೆಯ ರಸ್ತೆಯೋ ಸರ್ವಿಸ್ ರಸ್ತೆಯೋ ಹಿಡಿಯಿರಿ. ಹೆದ್ದಾರಿಯಲ್ಲಿ ನಿಮ್ಮ ಚಂದ್ರಿಕೆ ಹಾರಿದರೆ ಪೆಟ್ಟು ತಿನ್ನುವುದು ನೀವಲ್ಲ, ಹಿಂದಿನ ಕಾರಿನವರು.

ಇನ್ನು ತೂಗುಕುದುರೆ. ಅದನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತನ್ನಿ. ಅದರ ಭಾರವೆಲ್ಲ ಎರಡು ಬಾಗಿದ ಕಟ್ಟಿಗೆಯ ಮೇಲೆ ಬೀಳುವುದರಿಂದ ಟಾಪ್ ತಗ್ಗುತ್ತದೆ. ಪಟ್ಟಿ ಹಿಡಿಯಲು ಚಪ್ಪಟೆ ಮೈಯೂ ಇಲ್ಲ, ತೂಗುವುದೇ ಅದರ ಸ್ವಭಾವ. ಮೇಲಾಗಿ ಚನ್ನಪಟ್ಟಣದ ಬಣ್ಣ ಅರಗಿನದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೆ ಕರಗಿಸಿಯೇ ಅದನ್ನು ಹಚ್ಚುತ್ತಾರೆ. ಬಿಸಿಗೆ ಮೆತ್ತಗಾಗುವ ಅಂಥ ಬಣ್ಣವನ್ನು ಏಪ್ರಿಲ್ ಬಿಸಿಲಿನಲ್ಲಿ ಕಾದ ತಗಡಿನ ಮೇಲೆ, ಬಿಗಿದ ಪಟ್ಟಿಯ ಕೆಳಗೆ ಇಟ್ಟರೆ ಅಚ್ಚು ಮೂಡೀತು.

ಕೊನೆಯದಾಗಿ ಒಂದು ಲೆಕ್ಕ. ಬೆಳೆ ಬೆಳೆಗೂ ಅದೇ ನಾಲ್ಕೈದು ಕಡಿಮೆ ಬೀಳುತ್ತಿದ್ದರೆ ಕ್ಯಾರಿಯರ್‌ಗೆ ಹಾಕುವ ದುಡ್ಡನ್ನು ಚಂದ್ರಿಕೆಯ ಬದಲಿಗೆ ಬಳಸುವ ಪ್ಲಾಸ್ಟಿಕ್ ನೇತ್ರಿಕೆಗೆ ಹಾಕುವುದು ಲೇಸು. ಅದನ್ನು ಮಡಚಿದರೆ ಡಿಕ್ಕಿಯಲ್ಲೇ ಹಿಡಿಯುತ್ತದೆ, ತೊಳೆಯುವುದೂ ಸುಲಭ, ಇನ್ನೊಬ್ಬರ ಮನೆಯ ರೋಗ ಬರುವ ಭಯವೂ ಇಲ್ಲ. ಹಾಸಿಗೆ, ಚಾಪೆ, ಏಣಿ ಅಂತ ಬೇರೆ ಸಾಮಾನೂ ಆಗಾಗ ಸಾಗಿಸುವುದಿದ್ದರೆ ಮಾತ್ರ ಪಟ್ಟಿ ಕ್ಯಾರಿಯರ್ ಕೊಳ್ಳಿ, ಜೊತೆಗೆ ಎರಡು ಗಟ್ಟಿ ಹಗ್ಗವನ್ನೂ.