ಆರೋಗ್ಯ ಪ್ರಶ್ನೋತ್ತರ: ಬರಿಗೈ ಗುದ್ದು, ಗ್ಲೌಸ್ ಗುದ್ದು

ಪ್ರಶ್ನೆ: ಮಗನಿಗೆ 17 ವರ್ಷ. ಎರಡು ವರ್ಷದಿಂದ ಬಾಕ್ಸಿಂಗ್ ಕಲಿಯುತ್ತಿದ್ದಾನೆ. ಈಚೆಗೆ ಮೊಬೈಲಿನಲ್ಲಿ ಬರಿಗೈ ಕಾಳಗದ ವಿಡಿಯೊ ನೋಡಿ, ‘ಗ್ಲೌಸ್ ಹಾಕಿದರೇ ಮಿದುಳಿಗೆ ಹೆಚ್ಚು ಪೆಟ್ಟಮ್ಮ, ಬರಿಗೈಯೇ ಸೇಫ್’ ಎನ್ನುತ್ತಾನೆ. ಮುಖವೆಲ್ಲ ರಕ್ತವಾಗುವ ಆಟ ಸೇಫ್ ಹೇಗಾದೀತು? ಅವನ ಮಾತು ಎಷ್ಟು ನಿಜ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅರ್ಧ ನಿಜ. ಹದಿಹರೆಯದ ಹುಡುಗರು ಮೋಸಹೋಗುವುದು ಇಂಥ ಅರ್ಧ ನಿಜಗಳಿಂದಲೇ. ಆದ್ದರಿಂದ ಇದನ್ನು ಬಿಡಿಸಿ ನೋಡಬೇಕು.

ಮನುಷ್ಯನ ಒಂದು ಕೈಯಲ್ಲಿ 27 ಮೂಳೆಗಳಿವೆ. ಬೆರಳುಗಳನ್ನು ಮಣಿಕಟ್ಟಿಗೆ ಸೇರಿಸುವ ಅಂಗೈಯ ಐದು ಮೂಳೆಗಳು ತೀರ ಸಣಕಲು. ಹಣೆಯ ಮೂಳೆಯಾದರೋ ಕಲ್ಲಿನಂಥದ್ದು. ಬರಿಮುಷ್ಟಿಯಿಂದ ಹಣೆಗೆ ಗುದ್ದಿದರೆ ಎಷ್ಟೋ ಸಲ ಮುರಿಯುವುದು ಗುದ್ದಿದವನ ಕೈಯೇ. ಹಳೆಯ ಇಂಗ್ಲೆಂಡಿನ ಬರಿಗೈ ಕಾಳಗದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗುದ್ದು ಬಂದರೆ ತಲೆ ತಗ್ಗಿಸಿ ಹಣೆ ಒಡ್ಡುತ್ತಿದ್ದರು. ತಮ್ಮ ಕೈ ಉಳಿಸಿಕೊಳ್ಳಲು ಹೊಟ್ಟೆ, ಪಕ್ಕೆಗಳಿಗೆ ಗುರಿಯಿಡುತ್ತಿದ್ದರು.

1889ರ ಜುಲೈ 8ರಂದು ಅಮೆರಿಕದ ಮಿಸಿಸಿಪ್ಪಿಯಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್ರೇನ್ ಸುಡುಬಿಸಿಲಿನಲ್ಲಿ 75 ರೌಂಡ್ ಬರಿಗೈಯಲ್ಲಿ ಕಾದಾಡಿದರು. ಎರಡು ಗಂಟೆಗೂ ಮೀರಿ ನಡೆಯಿತು. ಬರಿಗೈ ಕಾಳಗದ ಆಗಿನ ನಿಯಮದಲ್ಲಿ ಒಬ್ಬ ನೆಲಕ್ಕೆ ಬಿದ್ದರೆ ಅಲ್ಲಿಗೆ ರೌಂಡ್ ಮುಗಿಯುತ್ತಿತ್ತು. ಹಾಗಾಗಿ ಕೆಲವು ರೌಂಡುಗಳು ಬಲು ಬೇಗ ಮುಗಿದುಬಿಡುತ್ತಿದ್ದವು. ಹೆವಿವೇಟ್ ಪಟ್ಟಕ್ಕಾಗಿ ನಡೆದ ಕೊನೆಯ ದೊಡ್ಡ ಬರಿಗೈ ಕಾಳಗ ಅದು. ಮೂರು ವರ್ಷದ ಬಳಿಕ ಸಲಿವನ್ ಪಟ್ಟ ಕಳೆದುಕೊಂಡದ್ದು ಗ್ಲೌಸ್ ತೊಟ್ಟು.

ಪಂದ್ಯದಲ್ಲಿ ಗ್ಲೌಸ್ ತೊಡಬೇಕೆಂದದ್ದು ಬಾಕ್ಸಿಂಗ್‌ನ 1867ರ ಕ್ವೀನ್ಸ್‌ಬೆರಿ ನಿಯಮಗಳು. ಮೆತ್ತೆ ಬಂದ ಮೇಲೆ ಕೈ ಮುರಿಯುವ ಭಯ ತಗ್ಗಿತು, ತಲೆಗೇ ಮತ್ತೆ ಮತ್ತೆ ಗುದ್ದುವ ಧೈರ್ಯ ಬಂತು. ಚರ್ಮ ಹರಿಯುವುದೂ ಕಡಿಮೆಯಾಯಿತು. ರಕ್ತ ಕಾಣದಿದ್ದರೆ ನೋಡುವವರಿಗೆ ಪೆಟ್ಟೂ ಕಾಣುವುದಿಲ್ಲ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯ ಬೋಳುತಲೆಯಿಂದ ರಕ್ತ ಚಿಮ್ಮಿದ ಕ್ಷಣಕ್ಕೆ ಕಾಳಗ ನಿಲ್ಲುತ್ತದೆ. ಬಾಕ್ಸಿಂಗ್‌ನಲ್ಲಿ ತಲೆ ತಿರುಗಿ ಬಿದ್ದವನು ಹತ್ತು ಎಣಿಸುವಷ್ಟರಲ್ಲಿ ಎದ್ದರೆ ಮತ್ತೆ ಗುದ್ದು ತಿನ್ನಬೇಕು. ಹುಡುಗ ಹೇಳುವ ಅರ್ಧ ನಿಜ ಇದೇ.

ತಲೆಗೆ ಮತ್ತೆ ಮತ್ತೆ ಬೀಳುವ ಗುದ್ದಿನ ಫಲ ವೈದ್ಯರಿಗೆ ಹೊಸದಲ್ಲ. 1928ರಲ್ಲೇ ಅಮೆರಿಕದ ಡಾ. ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಬಾಕ್ಸರುಗಳ ತೊದಲು ಮಾತು, ತಡವರಿಸುವ ನಡಿಗೆಯ ಬಗ್ಗೆ ಬರೆದಿದ್ದರು. 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ಗ್ಲೌಸ್ ತೊಟ್ಟ ಪಂದ್ಯದ 14ನೇ ರೌಂಡಿನಲ್ಲಿ ಕುಸಿದು, ಮಿದುಳಿನ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಪಟ್ಟದ ಪಂದ್ಯಗಳು 15 ರೌಂಡಿನಿಂದ 12ಕ್ಕೆ ಇಳಿದದ್ದು ಆಮೇಲೆ.

ಇನ್ನು ಸುಳ್ಳಿನ ಅರ್ಧ. ಮಿದುಳಿಗೆ ಹೆಚ್ಚು ಕೇಡು ಮಾಡುವುದು ತಲೆ ಗಕ್ಕನೆ ತಿರುಗಿದಾಗ ಆಗುವ ಎಳೆತ. ದವಡೆಗೆ ಬಿದ್ದ ಬರಿಮುಷ್ಟಿಯೂ ತಲೆಯನ್ನು ಹಾಗೆಯೇ ತಿರುಗಿಸುತ್ತದೆ. ಅದರ ಮೇಲೆ ಹುಬ್ಬು ಸೀಳುವುದು, ಕಣ್ಣಿಗೆ ಏಟು, ಕೈ ಮುರಿತ ಬೇರೆ. ಅಮೆರಿಕದ ವಯೋಮಿಂಗ್‌ನಲ್ಲಿ 2018ರಲ್ಲಿ ಸರ್ಕಾರದ ಅನುಮತಿಯೊಂದಿಗೇ ಬರಿಗೈ ಪಂದ್ಯಗಳು ಮತ್ತೆ ಶುರುವಾದವು. 2021ರಲ್ಲಿ ಅಂಥ ಪಂದ್ಯದಲ್ಲಿ ಮೊದಲ ರೌಂಡಿನಲ್ಲೇ ಬಿದ್ದ ಆಟಗಾರರೊಬ್ಬರು ಕೆಲವೇ ವಾರಗಳಲ್ಲಿ ತೀರಿಕೊಂಡರು. ಸೇಫ್ ಎಂಬ ಮಾತು ಎರಡಕ್ಕೂ ಒಪ್ಪದು.

ಹುಡುಗನಿಗೆ ಬಾಕ್ಸಿಂಗ್ ಬಿಡಿಸಲೇಬೇಕೆಂದೇನಿಲ್ಲ. ಹಗ್ಗದಾಟ, ಚೀಲಕ್ಕೆ ಗುದ್ದುವುದು, ಕಾಲ್ಚಳಕ ಇವೆಲ್ಲ ಒಳ್ಳೆಯ ವ್ಯಾಯಾಮ. ವಾರಕ್ಕೆ ಎಷ್ಟು ಸಲ ಎದುರುಬದುರು ಸ್ಪಾರಿಂಗ್ ಮಾಡಿಸುತ್ತಾರೆ, ತಲೆಗೆ ಗುದ್ದಲು ಬಿಡುತ್ತಾರೆಯೇ ಎಂದು ಕೋಚ್‌ರನ್ನು ಕೇಳಿ. ಪೆಟ್ಟಿನ ಬಳಿಕ ತಲೆನೋವು, ಮಂಕು, ವಾಕರಿಕೆ ಇದ್ದರೆ ವೈದ್ಯರು ಒಪ್ಪುವವರೆಗೆ ಅಂಕಣಕ್ಕೆ ಇಳಿಸಬೇಡಿ. ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ಫಿಟ್ಸ್, ಒಂದು ಕಣ್ಣಿನ ಪಾಪೆ ಹಿಗ್ಗಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಗೆಳೆಯರ ಜೊತೆ ಬರಿಗೈಯಲ್ಲಿ ಸ್ಪಾರಿಂಗ್ ಮಾಡುವಾಗ ಎದುರಿನವನ ಹಲ್ಲು ತಾಗಿ ಗೆಣ್ಣಿನ ಮೇಲೆ ಚಿಕ್ಕ ಗಾಯವಾಗಿದೆ. ಕಿರುಬೆರಳಿನ ಕೆಳಗೂ ಊದಿದೆ. ಅರಿಸಿನ ಹಚ್ಚಿದ್ದೇನೆ. ಸಾಕೇ?
– ಓದುಗ, ಶಿವಮೊಗ್ಗ

ಉತ್ತರ: ಸಾಲದು. ಇದು ಇಂದೇ ಆಸ್ಪತ್ರೆಗೆ ಹೋಗಬೇಕಾದ ಗಾಯ.

ನೋಡಲು ಅಕ್ಕಿಕಾಳಿನಷ್ಟೇ ಇರಬಹುದು. ಆದರೆ ಮುಷ್ಟಿ ಬಿಗಿದಾಗ ಗೆಣ್ಣಿನ ಮೇಲೆ ಚರ್ಮ, ಅದರಡಿ ಸ್ನಾಯುರಜ್ಜು, ಅದರಡಿಯೇ ಕೀಲು. ಹಲ್ಲು ಮೂರನ್ನೂ ತೂರಬಲ್ಲದು. ಬೆರಳು ಬಿಡಿಸಿದೊಡನೆ ರಜ್ಜು ಹಿಂದೆ ಸರಿದು ತೂತು ಮುಚ್ಚಿಹೋಗುತ್ತದೆ, ಬಾಯಿಯ ರೋಗಾಣುಗಳು ಕೀಲಿನೊಳಗೇ ಉಳಿಯುತ್ತವೆ. ಒಂದೆರಡು ದಿನದಲ್ಲಿ ಕೀವು ತುಂಬಿ ಬೆರಳು ಮಡಚಲಾಗದೆ ಜನ ಓಡಿಬರುತ್ತಾರೆ. ಆ ಹೊತ್ತಿಗೆ ಆಪರೇಷನ್ ಬೇಕಾಗಬಹುದು, ಬೆರಳು ಬಿರುಸಾಗಿಯೇ ಉಳಿಯಲೂಬಹುದು.

ಈಗಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಅರಿಸಿನ ಹಚ್ಚಬೇಡಿ. ಹಲ್ಲು ತಾಗಿದ ಸಂಗತಿಯನ್ನು ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ಹೇಳಿ; ಹೇಳದಿದ್ದರೆ ಹೊಲಿಗೆ ಹಾಕಿಬಿಡಬಹುದು, ಇಂಥ ಗಾಯವನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಟಿ.ಟಿ. ಇಂಜೆಕ್ಷನ್ ಹಾಗೂ ಹೆಪಟೈಟಿಸ್ ಬಿ ಲಸಿಕೆ ಯಾವಾಗ ಆಗಿತ್ತೆಂದು ತಿಳಿಸಿ.

ಕಿರುಬೆರಳಿನ ಕೆಳಗಿನ ಊತಕ್ಕೆ ಎಕ್ಸ್‌ರೇ ಬೇಕು. ಅಲ್ಲಿಯ ಮುರಿತಕ್ಕೆ ವೈದ್ಯರ ನಡುವೆ ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಎಂದೇ ಹೆಸರು. ಮುಷ್ಟಿ ಹಿಡಿದಾಗ ಆ ಗೆಣ್ಣು ತಗ್ಗಿದಂತೆ ಕಂಡರೆ ಅಥವಾ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿದರೆ ಎಲುಬು ಮುರಿದಿರುವ ಸಾಧ್ಯತೆ ಹೆಚ್ಚು. ಉಂಗುರ, ಬಳೆ ಇದ್ದರೆ ಊತ ಏರುವ ಮೊದಲೇ ತೆಗೆದುಬಿಡಿ.